ಸೂಜಿಯ ಕಾಯಕ, ಉಡಿಯ ಖಣ





ವಚನಕಾರರ ಹೆಸರುಗಳನ್ನು ಒಂದರ ಕೆಳಗೊಂದು ಬರೆಯುತ್ತ ಹೋದರೆ ಒಂದು ಸಂಗತಿ ತಾನಾಗಿಯೇ ಗೋಚರಿಸುತ್ತದೆ. ಕದಿರ ರೆಮ್ಮವ್ವೆ ನೂಲುವವಳು. ಕದಿರಕಾಯಕದ ಕಾಳವ್ವೆಯೂ ಅದೇ ಕಾಯಕದವಳು. ಜೇಡರ ದಾಸಿಮಯ್ಯ ನೇಯುವವನು. ಸೂಜಿಕಾಯಕದ ರಾಮಿತಂದೆ ಹೊಲಿಯುವವನು. ಮಡಿವಾಳ ಮಾಚಿದೇವ ಒಗೆಯುವವನು. ಹತ್ತಿಯ ಎಳೆ ಕದಿರನ್ನು ಏರಿದ ಕ್ಷಣದಿಂದ ಮೈಮೇಲಿನ ಬಟ್ಟೆ ಮಡಿಯಾಗಿ ಮತ್ತೆ ಮನೆಗೆ ಬರುವವರೆಗಿನ ಪ್ರತಿಯೊಂದು ಹಂತಕ್ಕೂ ಶರಣ ಪರಂಪರೆಯಲ್ಲಿ ಒಬ್ಬೊಬ್ಬ ವಾರಸುದಾರರಿದ್ದಾರೆ. ಇದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಅನ್ನದಷ್ಟೇ ಅರಿವೆಯೂ ಮನುಷ್ಯನ ಮರ್ಯಾದೆಗೆ ಸಂಬಂಧಿಸಿದ್ದು. ಅರಿವೆಯನ್ನು ಸಿದ್ಧಪಡಿಸಿಕೊಟ್ಟ ಕೈಗಳನ್ನು ಸಮಾಜವು ಕೆಳಗಿಟ್ಟಿದ್ದ ಕಾಲದಲ್ಲಿ ಅನುಭವ ಮಂಟಪವು ಅವರಿಗೆ ಮಾತನಾಡುವ ಸ್ಥಾನ ಕೊಟ್ಟಿತು.

ಆದರೆ ನಮ್ಮ ವ್ಯಾಖ್ಯಾನಗಳಲ್ಲಿ ಈ ರಾಟೆ, ಮಗ್ಗ, ಸೂಜಿಗಳಿಗೆ ಏನಾಗಿದೆ? ಅವು ಕೇವಲ ಸಂಕೇತಗಳಾಗಿ ಉಳಿದಿವೆ. ರೆಮ್ಮವ್ವೆ ತನ್ನ ರಾಟೆಯ ಒಂದೊಂದು ಭಾಗದಲ್ಲಿ ಒಂದೊಂದು ದೈವತತ್ತ್ವವನ್ನು ಕಂಡಳೆಂದು ನಾವು ಪ್ರವಚನ ಮಾಡುತ್ತೇವೆ. ಕಂಡದ್ದು ನಿಜ. ಆದರೆ ಆಕೆ ಹಾಗೆ ಕಂಡದ್ದು ದಿನವೂ ತಿರುಗಿಸುತ್ತಿದ್ದ, ಮರದಲ್ಲಿ ಮಾಡಿದ, ಸವೆದಾಗ ರಿಪೇರಿ ಬೇಡುತ್ತಿದ್ದ ಒಂದು ರಾಟೆಯಲ್ಲಿ. ಮರದ ರಾಟೆಯನ್ನು ಕೈಬಿಟ್ಟು ಬರಿಯ ಸಂಕೇತವನ್ನು ಇಟ್ಟುಕೊಂಡರೆ ವಚನದ ಅರ್ಧ ಅರ್ಥ ಜಾರಿಹೋಗುತ್ತದೆ. ಆದುದರಿಂದ ಈ ಸಲ ಸಂಕೇತವನ್ನು ಬದಿಗಿರಿಸಿ, ನಮ್ಮ ಮನೆಗಳಲ್ಲಿರುವ ನಿಜವಾದ ಸೂಜಿ, ನಿಜವಾದ ಹೊಲಿಗೆ ಯಂತ್ರ ಮತ್ತು ನಿಜವಾದ ಬಟ್ಟೆಯ ಅಂಗಡಿಗಳ ಕುರಿತು ಕೆಲವು ಮಾತುಗಳನ್ನು ಬರೆಯಲು ಮನಸ್ಸು ಮಾಡಿದ್ದೇನೆ. ಇದು ಲೌಕಿಕ ವಿಷಯವಲ್ಲವೇ ಎಂದು ಕೇಳುವವರಿಗೆ, ಲೌಕಿಕವನ್ನು ಬಿಟ್ಟು ಕಾಯಕವನ್ನು ಎಲ್ಲಿ ಹುಡುಕುತ್ತೀರಿ ಎಂಬುದೇ ನನ್ನ ಮರುಪ್ರಶ್ನೆ.

2020ರಲ್ಲಿ ಕೊರೋನಾ ಬಂದಾಗ ಮೂಲೆಯಲ್ಲಿ ಹೊದಿಕೆ ಹೊದ್ದು ಕುಳಿತಿದ್ದ ಹೊಲಿಗೆ ಯಂತ್ರಗಳು ಅನೇಕ ಮನೆಗಳಲ್ಲಿ ಮತ್ತೆ ತಿರುಗತೊಡಗಿದವು. ಹಳೆಯ ಪಂಚೆ, ಸೀರೆಗಳಿಂದ ಮುಖಗವಸು ಹೊಲಿದು ಓಣಿಗೆಲ್ಲ ಹಂಚಿದ ತಾಯಂದಿರನ್ನು ನಾವೆಲ್ಲ ಕಂಡಿದ್ದೇವೆ. ಅವರಲ್ಲಿ ಹಲವರು ಆಮೇಲೆ ಯಂತ್ರವನ್ನು ಮತ್ತೆ ಮುಚ್ಚಿಡಲಿಲ್ಲ. ಕುಬಸ, ಲಂಗ, ಮಕ್ಕಳ ಅಂಗಿ, ದಿಂಬಿನ ಗವಸು ಎಂದು ಮುಂದುವರಿದರು. ಅಂಗಡಿ ಅಂಗಡಿ ತಿರುಗಿ ಬಟ್ಟೆ ನೋಡುವುದು, ಕಸೂತಿಯ ತರಗತಿಗೆ ಸೇರುವುದು, ನಾಲ್ಕು ಜನ ಗೆಳತಿಯರು ಕೂಡಿ ಕೌದಿ ಹೊಲಿಯುವುದು ನಡೆದಿದೆ. ಇದು ಸಂತೋಷದ ಬೆಳವಣಿಗೆ. ಆದರೆ ಇದು ಕಾಯಕವೋ, ಕಾಲಹರಣವೋ? ಕೈಯಲ್ಲಿ ಸೂಜಿ ಹಿಡಿದ ಮಾತ್ರಕ್ಕೆ ಅದು ಕಾಯಕವಾಗಲಾರದು. ಶರಣರು ಅದಕ್ಕೆ ಇಟ್ಟ ಒರೆಗಲ್ಲು ಕಠಿಣವಾದದ್ದು.

ಮೊದಲು ಅಂಗಡಿಯ ಮಾತು. ಹುಬ್ಬಳ್ಳಿಯ ದುರ್ಗದಬೈಲು, ಧಾರವಾಡದ ಸುಭಾಸ ರಸ್ತೆ, ಬೆಂಗಳೂರಿನ ಚಿಕ್ಕಪೇಟೆಗಳಲ್ಲಿ ಬಟ್ಟೆ ಕೊಳ್ಳುವುದೇ ಒಂದು ವಿದ್ಯೆ. ಸೀರೆಯನ್ನು ಚೀಲದಲ್ಲಿ ಹೊತ್ತೊಯ್ದು, ಮ್ಯಾಚಿಂಗ್ ಸೆಂಟರಿನ ಬಾಗಿಲಿಗೆ ಬಂದು, ಟ್ಯೂಬ್‌ಲೈಟಿನ ಬೆಳಕನ್ನು ನಂಬದೆ ಹಗಲಿನ ಬೆಳಕಿನಲ್ಲಿ ಬಣ್ಣ ಹೊಂದಿಸಿ ನೋಡುವ ತಾಯಿಯ ಏಕಾಗ್ರತೆಯನ್ನು ಕಂಡಾಗ ನನಗೆ ಭಕ್ತಿಯೇ ಉಂಟಾಗುತ್ತದೆ. ಟೂ ಬೈ ಟೂ ರೂಬಿಯಾ ಯಾವುದು, ಬೆರಕೆ ಯಾವುದು ಎಂದು ಆಕೆ ಬೆರಳ ತುದಿಯಿಂದಲೇ ಹೇಳಬಲ್ಲಳು. ಅಸ್ತರಿಯನ್ನು ಮೊದಲು ನೀರಿನಲ್ಲಿ ನೆನೆಸಿ ಒಣಗಿಸದೆ ಹೊಲಿದರೆ ಒಂದೇ ಒಗೆತಕ್ಕೆ ಕುಬಸ ಸುಕ್ಕುಗಟ್ಟುತ್ತದೆಂಬುದನ್ನು ಆಕೆಗೆ ಯಾವ ಪುಸ್ತಕವೂ ಕಲಿಸಿಲ್ಲ. ಇಷ್ಟೆಲ್ಲ ತಿಳಿದ ಈ ಕೈಗಳು ಇನ್ನೂ ಒಂದನ್ನು ತಿಳಿಯಬೇಕಾಗಿದೆ. ಅದು ಬಟ್ಟೆಯ ಹಿಂದಿರುವ ನೇಕಾರನ ಕಾಯಕ.

ಇಳಕಲ್ ಸೀರೆಯನ್ನೇ ತೆಗೆದುಕೊಳ್ಳಿ. ಅದರ ವೈಶಿಷ್ಟ್ಯವಿರುವುದು ಮೈಯ ಹಾಸಿಗೂ ಸೆರಗಿನ ಹಾಸಿಗೂ ಇರುವ ಕೂಡಿಕೆಯಲ್ಲಿ. ಮೈಯ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸಿ ನೇಯುವ ಆ ಕ್ರಮಕ್ಕೆ ಕೊಂಡಿಯೆಂದೇ ಹೆಸರು. ಎಳೆಗೆಳೆಯನ್ನು ಕೈಯಿಂದಲೇ ಕೂಡಿಸಬೇಕು. ಆ ಕೆಂಪು ಸೆರಗಿನ ಮೇಲಿನ ಬಿಳಿಯ ಟೋಪು ತೆನೆ ನಮ್ಮ ಜೋಳದ ಹೊಲದಿಂದ ಬಂದದ್ದು. ಹಣಿಗೆ, ಕೋಟೆ ಕಮ್ಮಲಿ, ರಾಂಪಾ ಎಂದು ಇನ್ನೂ ಬೇರೆ ಬೇರೆ ವಿನ್ಯಾಸಗಳುಂಟು. ಈ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಆದರೂ ಟೋಪು ತೆನೆಯ ಚಿತ್ರವನ್ನು ಪಾಲಿಯೆಸ್ಟರ್ ಮೇಲೆ ಅಚ್ಚು ಹಾಕಿ ‘ಇಳಕಲ್ ಡಿಸೈನ್’ ಎಂದು ಮಾರುವ ಅಂಗಡಿಗಳು ಊರೂರಿಗೆ ಇವೆ. ಒಂದು ಅಂಗಡಿಯಲ್ಲಿ ಅಂಥ ಬಟ್ಟೆಯನ್ನು ತಿರುವಿ ನೋಡಿ, ಹಿಂಬದಿಯಲ್ಲಿ ಬಣ್ಣವೇ ಇಲ್ಲವಲ್ಲ ಎಂದು ಕೇಳಿದಾಗ, “ಹಿಂದ ಯಾರ್ ನೋಡ್ತಾರ್ರೀ ಅಕ್ಕಾರ, ಮುಂದ ಚೆಂದ ಐತಲ್ಲ” ಎಂಬ ಉತ್ತರ ಬಂದಿತು. ವಚನಗಳನ್ನು ಓದುವ ನಮಗೆ ಆ ಉತ್ತರ ಸಹ್ಯವಾಗಬಾರದು. ಒಳಗೊಂದು ಹೊರಗೊಂದು ಇರುವುದನ್ನು ಶರಣರು ಖಂಡಿಸಿದಷ್ಟು ಬೇರಾವುದನ್ನೂ ಖಂಡಿಸಲಿಲ್ಲ.

ನೋಡುವ ಕಣ್ಣಿದ್ದರೆ ಮೋಸವನ್ನು ಪತ್ತೆಹಚ್ಚುವುದು ಕಷ್ಟವಲ್ಲ. ನೇಯ್ದ ವಿನ್ಯಾಸವು ಹಿಂಬದಿಯಲ್ಲಿಯೂ ಯಾವುದಾದರೂ ರೂಪದಲ್ಲಿ ಎಳೆಯಾಗಿ ಕಾಣಿಸುತ್ತದೆ, ಅಚ್ಚಿನದು ಕಾಣಿಸುವುದಿಲ್ಲ. ಅಂಚಿನಿಂದ ಒಂದೆರಡು ಎಳೆ ಬಿಚ್ಚಿ, ಮನೆಯಲ್ಲಿ ಎಚ್ಚರದಿಂದ ದೀಪಕ್ಕೆ ಹಿಡಿದರೆ ಹತ್ತಿಯು ಕಾಗದದಂತೆ ಉರಿದು ಮೃದುವಾದ ಬೂದಿಯಾಗುತ್ತದೆ. ರೇಷ್ಮೆಯು ಕೂದಲು ಸುಟ್ಟ ವಾಸನೆ ಬೀರುತ್ತದೆ. ಪಾಲಿಯೆಸ್ಟರು ಕರಗಿ ಗಟ್ಟಿ ಮಣಿಯಾಗುತ್ತದೆ. ಕೈಮಗ್ಗದ ಬಟ್ಟೆಗೆ ಕೈಮಗ್ಗ ಮುದ್ರೆಯೂ (ಇದು 2006ರಲ್ಲಿ ಆರಂಭವಾಯಿತು), ರೇಷ್ಮೆಗೆ ಸಿಲ್ಕ್ ಮಾರ್ಕ್ ಮುದ್ರೆಯೂ ಉಂಟು. ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆಗಳು, ಖಾದಿ ಭಂಡಾರಗಳು ಇರುವ ಊರುಗಳಲ್ಲಿ ಕೈಮಗ್ಗದ ಬಟ್ಟೆಯನ್ನು ಮೀಟರಿನ ಲೆಕ್ಕದಲ್ಲಿ ಕೇಳಿ ಪಡೆಯಬಹುದು. ಅಲ್ಲಿ ಚೌಕಾಸಿಗೆ ಅವಕಾಶವಿಲ್ಲವೆಂದು ಕೆಲವರು ಗೊಣಗುವುದುಂಟು. ಕೈಯಿಂದ ನೇಯ್ದ ಮೀಟರು ಬಟ್ಟೆಯ ಮೇಲೆ ಹತ್ತು ರೂಪಾಯಿ ಕಡಿಮೆ ಮಾಡಿಸಿಕೊಂಡು ಗೆದ್ದೆವೆಂದು ಬೀಗುವವರು, ದಾಸಿಮಯ್ಯನ ಜಯಂತಿಯಂದು ಆತನ ಭಾವಚಿತ್ರಕ್ಕೆ ಮಾಲೆ ಹಾಕುವಾಗ ಏನನ್ನು ನೆನೆಯುತ್ತಾರೋ ತಿಳಿಯದು.

ಖಾದಿಯ ಮಾತು ಬಂದುದರಿಂದ ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು 1957ರಲ್ಲಿ ಸ್ಥಾಪನೆಯಾದದ್ದು. ರಾಷ್ಟ್ರಧ್ವಜವನ್ನು ಭಾರತೀಯ ಮಾನಕ ಸಂಸ್ಥೆಯ ನಿಯಮದಂತೆ ಸಿದ್ಧಪಡಿಸುವ ಕೇಂದ್ರವೆಂದು ಅದು ದೇಶಕ್ಕೆಲ್ಲ ಪರಿಚಿತ. ನೂಲುವ, ಹೊಲಿಯುವ ಕೈಗಳಲ್ಲಿ ಹೆಚ್ಚಿನವು ಹೆಣ್ಣುಮಕ್ಕಳವು. 2021ರ ಡಿಸೆಂಬರ್ 30ರಂದು ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ, ಪಾಲಿಯೆಸ್ಟರ್ ಬಟ್ಟೆಯ ಮತ್ತು ಯಂತ್ರದಲ್ಲಿ ತಯಾರಾದ ಧ್ವಜಗಳಿಗೂ ಅನುಮತಿ ದೊರೆಯಿತು. ಮರುವರ್ಷ ಮನೆಮನೆಯ ಮೇಲೆ ಧ್ವಜ ಹಾರಿತು, ಅದು ಅಭಿಮಾನದ ವಿಷಯವೇ. ಆದರೆ ಆ ಬದಲಾವಣೆಯ ಪೆಟ್ಟು ಬಿದ್ದದ್ದು ಯಾರ ಹೊಟ್ಟೆಯ ಮೇಲೆ ಎಂಬುದನ್ನು ಕಾಯಕ ತತ್ತ್ವವನ್ನು ಒಪ್ಪಿದವರು ಯೋಚಿಸಬೇಡವೇ? 1913ರಲ್ಲಿ ದಾವಣಗೆರೆಯಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆರಂಭಿಸಿದ ಹರ್ಡೇಕರ ಮಂಜಪ್ಪನವರು ಖಾದಿಯನ್ನೂ ಬಸವತತ್ತ್ವವನ್ನೂ ಬೇರೆ ಬೇರೆಯೆಂದು ತಿಳಿದವರಲ್ಲ. ಅವರನ್ನು ಕರ್ನಾಟಕದ ಗಾಂಧಿಯೆಂದು ಕರೆದು ಕೈಮುಗಿಯುವ ನಾವು, ನಮ್ಮ ಸಮಾರಂಭಗಳಲ್ಲಿ ಹೊದಿಸುವ ಶಾಲುಗಳತ್ತ ಒಮ್ಮೆ ನೋಡಿಕೊಳ್ಳೋಣ. ಮಿರುಗುವ, ಬೆವರು ಹೀರದ, ಒಂದು ವೇದಿಕೆಯಿಂದ ಇನ್ನೊಂದು ವೇದಿಕೆಗೆ ಸಾಗುವ ಶಾಲುಗಳವು. ಒಂದು ಖಾದಿ ಟವಲನ್ನು ಹೊದಿಸಿದರೆ ಸನ್ಮಾನವು ಕಿರಿದಾಗುವುದೇ?

ಇನ್ನು ಉಡಿಯ ಖಣ. ಈ ಲೇಖನ ಬರೆಯಲು ನಿಜವಾದ ಕಾರಣ ಇದೇ.

ಗುಳೇದಗುಡ್ಡದ ಖಣವೆಂದರೆ ಕುಬಸಕ್ಕಾಗಿಯೇ ನೇಯ್ದ, ಎರಡೂ ಕಡೆ ಅಂಚು ಇರುವ, ಮೈತುಂಬ ಪುಟ್ಟ ಪುಟ್ಟ ವಿನ್ಯಾಸಗಳಿರುವ ಬಟ್ಟೆ. ಬಲ್ಲ ಕೈಯು ಅದನ್ನು ಕತ್ತರಿಸುವಾಗ ಅಂಚು ಸರಿಯಾಗಿ ತೋಳಿನ ತುದಿಗೆ ಬರುವಂತೆ ನೋಡಿಕೊಳ್ಳುತ್ತದೆ. ಕುಬಸಕ್ಕೆ ಬೇರೆ ಅಲಂಕಾರವೇ ಬೇಕಾಗುವುದಿಲ್ಲ. ತವರಿನಿಂದ ಹೊರಟ ಮಗಳ ಉಡಿಯಲ್ಲಿ ತೆಂಗಿನಕಾಯಿ, ಅಕ್ಕಿ, ಎಲೆ ಅಡಿಕೆ, ಉತ್ತತ್ತಿಗಳೊಡನೆ ಇಂಥ ಒಂದು ಖಣವನ್ನು ಇಡುತ್ತಿದ್ದರು. ಅದು ಹೊಲಿಸಿಕೊಂಡು ತೊಡಲೆಂದೇ ಕೊಟ್ಟದ್ದು. ‘ನಿನ್ನ ಮೈ ಮುಚ್ಚಲು ತವರು ಇದೆ’ ಎಂಬ ಭರವಸೆ ಅದರಲ್ಲಿತ್ತು.

ಇಂದು ಏನಾಗಿದೆ? ಉಡಿ ತುಂಬಲೆಂದೇ ಅಂಗಡಿಗಳಲ್ಲಿ ಡಜನುಗಟ್ಟಲೆ ಕಟ್ಟಿಟ್ಟ ಖಣಗಳು ದೊರೆಯುತ್ತವೆ. ಕುಬಸಕ್ಕೆ 80 ಸೆಂ.ಮೀ. ಬೇಕಾದಲ್ಲಿ ಅವು ಅಳೆದರೆ 70ನ್ನೂ ಮುಟ್ಟುವುದಿಲ್ಲ. ಬೆಳಕಿಗೆ ಹಿಡಿದರೆ ಆಚೆಯ ಗೋಡೆ ಕಾಣುತ್ತದೆ. ಸೂಜಿ ಚುಚ್ಚಿದರೆ ಎಳೆ ಜಾರುತ್ತದೆ. ಅವನ್ನು ಕೊಡುವವರಿಗೂ ಗೊತ್ತು, ಪಡೆಯುವವರಿಗೂ ಗೊತ್ತು, ಇವು ಹೊಲಿಯುವ ಬಟ್ಟೆಗಳಲ್ಲವೆಂದು. ಆದುದರಿಂದ ಅವು ಟ್ರಂಕಿನಿಂದ ಹೊರಬಂದು ಮತ್ತೊಬ್ಬರ ಉಡಿಗೆ, ಅಲ್ಲಿಂದ ಅವರ ಟ್ರಂಕಿಗೆ, ಅಲ್ಲಿಂದ ಮಗದೊಬ್ಬರ ಉಡಿಗೆ ಸಾಗುತ್ತಲೇ ಇರುತ್ತವೆ. ಕೊಟ್ಟ ಖಣವೇ ಎರಡು ವರ್ಷಗಳ ಮೇಲೆ ಮಡಿಕೆಯ ಗೆರೆಯೊಡನೆ ಕೊಟ್ಟವರ ಮನೆಗೇ ತಿರುಗಿ ಬಂದ ನಿದರ್ಶನಗಳನ್ನು ಹೇಳಿಕೊಂಡು ಹೆಣ್ಣುಮಕ್ಕಳು ನಗುವುದನ್ನು ಯಾರು ಕೇಳಿಲ್ಲ? ನಗುವ ಮಾತೇನೋ ಹೌದು. ಆದರೆ ಅದರೊಳಗೊಂದು ಅಸತ್ಯವಿದೆ. ಕೊಟ್ಟಂತೆ ತೋರಿಸಿ ಏನನ್ನೂ ಕೊಡದಿರುವ ಅಸತ್ಯವದು.

ಜಾತ್ರೆಗಳಲ್ಲಿ ಸಾವಿರಾರು ತಾಯಂದಿರಿಗೆ ಉಡಿ ತುಂಬುವ ಕಾರ್ಯಕ್ರಮಗಳನ್ನು ನಮ್ಮ ನಾಡಿನ ಹಲವು ಮಠಗಳು ನಡೆಸುತ್ತವೆ. ಗಂಡನನ್ನು ಕಳೆದುಕೊಂಡ ತಾಯಂದಿರನ್ನೂ ಸಾಲಿನಲ್ಲಿ ಕೂರಿಸಿ ಉಡಿ ತುಂಬುವ ಕಡೆಗಳಲ್ಲಿ ಬಸವಣ್ಣನವರ ಮಾತು ಕೃತಿಗಿಳಿದಿದೆ. ಅಂಥಲ್ಲಿಯೂ ಉಡಿಗೆ ಬೀಳುವ ಖಣ ಮಾತ್ರ ಅದೇ ತೆಳು ಬಟ್ಟೆ. ಸಾವಿರ ಜನರಿಗೆ ಕೊಡುವಾಗ ಖರ್ಚು ನೋಡಬೇಕಲ್ಲವೇ ಎಂಬ ವಾದವಿದೆ. ಒಪ್ಪತಕ್ಕ ವಾದವೇ. ಆದರೆ ಅದಕ್ಕೆ ಪರಿಹಾರವು ಕೆಟ್ಟ ಬಟ್ಟೆಯನ್ನು ಕೊಡುವುದಲ್ಲ, ಬಟ್ಟೆಯನ್ನೇ ಬಿಡುವುದು. ಕಾಯಿ, ಅಕ್ಕಿ, ಹೂವಿನಿಂದ ಉಡಿ ತುಂಬಲಿ, ಯಾವ ಕೊರತೆಯೂ ಆಗುವುದಿಲ್ಲ. ಬಟ್ಟೆ ಕೊಡಲೇಬೇಕೆಂಬ ಸಂಕಲ್ಪವಿದ್ದರೆ ನೂರು ಜನರಿಗೆ ಹೊಲಿಯಬಹುದಾದ, ತೊಡಬಹುದಾದ ಹತ್ತಿಯ ಖಣವನ್ನು ಕೊಡಲಿ. ಅದೂ ಮಗ್ಗದವರಿಂದಲೇ ನೇರವಾಗಿ ಕೊಂಡದ್ದಾಗಿರಲಿ. ಇದು ಪೂಜ್ಯರ ಸನ್ನಿಧಿಯಲ್ಲಿ ನನ್ನ ವಿನಮ್ರ ಬಿನ್ನಹ.

ದಾಸಿಮಯ್ಯನ ಕಥೆಯನ್ನು ಇಲ್ಲಿ ನೆನೆಯಬೇಕು. ಆತ ನೇಯ್ದ ಬಟ್ಟೆಯನ್ನು ಶಿವನು ಜಂಗಮನಾಗಿ ಬಂದು ಬೇಡಿದ, ದಾಸಿಮಯ್ಯ ಕೊಟ್ಟ, ಆ ಜಂಗಮ ಅದನ್ನು ಅವನ ಕಣ್ಣೆದುರೇ ಹರಿದು ಹಾಕಿದ, ಆದರೂ ದಾಸಿಮಯ್ಯ ಬೇಸರಗೊಳ್ಳಲಿಲ್ಲವೆಂದು ಪರಂಪರೆ ಹೇಳುತ್ತದೆ. ಈ ಕಥೆಯನ್ನು ನಾವು ತಾಳ್ಮೆಗೂ ನಿರ್ಮೋಹಕ್ಕೂ ದೃಷ್ಟಾಂತವಾಗಿ ಹೇಳುತ್ತೇವೆ. ನನ್ನ ಕಣ್ಣಿಗೆ ಬೀಳುವುದು ಇನ್ನೊಂದು ಅಂಶ. ಆತ ಕೊಟ್ಟದ್ದು ತಾನು ನೇಯ್ದವುಗಳಲ್ಲಿ ಉತ್ತಮವಾದುದನ್ನು. ಮಾರಿದರೆ ಮನೆ ನಡೆಯುತ್ತಿದ್ದ ಬಟ್ಟೆಯನ್ನು ಕೊಟ್ಟ. ಮಾರಾಟವಾಗದೆ ಉಳಿದುದನ್ನು ಕೊಟ್ಟಿದ್ದರೆ ಅದು ಹರಿದಾಗ ತಾಳ್ಮೆಯ ಪ್ರಶ್ನೆಯೇ ಬರುತ್ತಿರಲಿಲ್ಲ.

ಮನೆಯಲ್ಲಿ ಹೊಲಿಯುವವರ ಇನ್ನೊಂದು ದೌರ್ಬಲ್ಯವನ್ನೂ ಹೇಳಬೇಕು. ಹೊಲಿಯುವವರಿಗೆ ಬಟ್ಟೆಯ ಆಸೆ ಬಿಡದು. ಚೆಂದ ಕಂಡಿತೆಂದು ಒಂದೂವರೆ ಮೀಟರು, ಅಗ್ಗವಾಗಿತ್ತೆಂದು ಎರಡು ಮೀಟರು, ‘ಮುಂದೆ ಯಾವುದಕ್ಕಾದರೂ ಬಂದೀತು’ ಎಂದು ಮತ್ತೊಂದು ತುಂಡು. ಕಪಾಟಿನ ಅಡಿಯ ಖಾನೆ ತುಂಬಿ, ಗಂಟು ಕಟ್ಟಿ, ಅಟ್ಟ ಏರಿಸುವವರೆಗೂ ಇದು ನಿಲ್ಲುವುದಿಲ್ಲ. ಆಯ್ದಕ್ಕಿ ಲಕ್ಕಮ್ಮನ ಮುಂದೆ ಈ ಗಂಟನ್ನು ಬಿಚ್ಚಲು ನಮಗೆ ಧೈರ್ಯವುಂಟೇ? ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇಷ್ಟು ನಮಗೆ ಬೇಕಿಲ್ಲ, ಇದು ಆಸೆ, ತಂದಲ್ಲಿಗೇ ಸುರಿದು ಬಾ ಎಂದು ಕಳುಹಿಸಿದ ತಾಯಿ ಆಕೆ. ಅಕ್ಕಿಗಾದರೂ ನಾಳೆಯ ಹಸಿವೆಂಬ ನೆಪವಿತ್ತು. ಬಟ್ಟೆಯ ಗಂಟಿಗೆ ಆ ನೆಪವೂ ಇಲ್ಲ. ಹುಳ ಹೊಡೆದ, ಮಡಿಕೆಯಲ್ಲಿ ಬಣ್ಣ ಹೋದ ಬಟ್ಟೆ ಯಾರಿಗೂ ಉಪಯೋಗವಿಲ್ಲ. ಕೈಯಲ್ಲಿರುವುದನ್ನು ಹೊಲಿದು ಮುಗಿಸಿದ ಮೇಲೆಯೇ ಅಂಗಡಿಯ ಮೆಟ್ಟಿಲು ಹತ್ತುವ ನಿಯಮವನ್ನು ಇಟ್ಟುಕೊಂಡವರನ್ನು ನಾನು ಬಲ್ಲೆ. ಅವರ ಹೊಲಿಗೆಯೂ ಅಷ್ಟೇ ಅಚ್ಚುಕಟ್ಟು.

ತರಗತಿಗಳ ವಿಚಾರಕ್ಕೆ ಬರೋಣ. ಹೊಲಿಗೆ ತರಬೇತಿಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಹಾಗೂ ಅದರ ಮಾದರಿಯಲ್ಲಿ ಜಿಲ್ಲೆ ಜಿಲ್ಲೆಗಳಲ್ಲಿ ಹುಟ್ಟಿಕೊಂಡ ಕೇಂದ್ರಗಳಿವೆ, ಮಹಿಳಾ ಸಂಘಗಳಿವೆ, ಮಠಗಳು ನಡೆಸುವ ಉಚಿತ ತರಗತಿಗಳಿವೆ. 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ವಿಶ್ವಕರ್ಮ ಯೋಜನೆಯ 18 ವೃತ್ತಿಗಳಲ್ಲಿ ದರ್ಜಿಯ ವೃತ್ತಿಯೂ ಸೇರಿ, ಉಪಕರಣಕ್ಕೆ 15,000 ರೂಪಾಯಿವರೆಗಿನ ನೆರವನ್ನು ಗೊತ್ತುಪಡಿಸಲಾಯಿತು. ಯಂತ್ರ ಉಚಿತವಾಗಿ ದೊರೆಯುವುದೆಂಬ ಸುದ್ದಿ ಕೇಳಿ ಅರ್ಜಿ ಹಾಕಲು ಓಡಿದವರಲ್ಲಿ ಸೂಜಿಗೆ ದಾರ ಪೋಣಿಸಲು ಬಾರದವರೂ ಇದ್ದರೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಅದಿರಲಿ. ನನ್ನ ಆಕ್ಷೇಪವಿರುವುದು ಕಲಿಸುವ ವಿಷಯದ ಬಗ್ಗೆ. ಎಲ್ಲ ತರಗತಿಗಳೂ ಮೊದಲ ದಿನವೇ ಹೊಸ ಬಟ್ಟೆಯನ್ನು ಕತ್ತರಿಸುವುದನ್ನು ಕಲಿಸುತ್ತವೆ. ಹರಿದುದನ್ನು ಕೂಡಿಸುವುದನ್ನು ಯಾರೂ ಕಲಿಸುವುದಿಲ್ಲ. ಕಾಜಾ ಸರಿಪಡಿಸುವುದು, ತೇಪೆ ಹಚ್ಚುವುದು, ರಫು ಮಾಡುವುದು, ಅಣ್ಣನ ಅಂಗಿಯನ್ನು ತಮ್ಮನಿಗೆ ಇಳಿಸಿ ಹೊಲಿಯುವುದು, ಸೆರಗಿನ ಹರಿದ ಅಂಚನ್ನು ಮಡಿಸಿ ಹೊಲಿದು ಸೀರೆಯನ್ನು ಉಳಿಸುವುದು ಮೊದಲ ತಿಂಗಳ ಪಾಠವಾಗಬೇಕು. ಬಡತನವಿದ್ದಾಗ ನಮ್ಮ ಅಜ್ಜಿಯಂದಿರಿಗೆ ಬರುತ್ತಿದ್ದ ವಿದ್ಯೆ ಅನುಕೂಲ ಬಂದೊಡನೆ ಅವಮಾನದ ವಿಷಯವಾದದ್ದು ಏಕೆ?

ಇನ್ನೊಂದು ಮಾತು. ಈ ತರಗತಿಗಳ ಫಲಕಗಳಲ್ಲಿ ‘ಮಹಿಳೆಯರಿಗಾಗಿ’ ಎಂದೇ ಬರೆದಿರುತ್ತದೆ. ರಾಮಿತಂದೆ ಗಂಡಸು. ದಾಸಿಮಯ್ಯನೂ ಗಂಡಸು. ಗುಂಡಿ ಹಚ್ಚಲು ಬಾರದ ಗಂಡುಮಕ್ಕಳನ್ನು ಬೆಳೆಸುವುದು ಶರಣ ಸಂಸ್ಕೃತಿಯಲ್ಲ.

ಕಸೂತಿಯ ತರಗತಿಗಳ ಬಗ್ಗೆ ಮಾತ್ರ ನನಗೆ ಪೂರ್ಣ ಸಮಾಧಾನವಿದೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ, ಎಳೆ ಎಣಿಸಿ ಹಾಕುವ ಹೊಲಿಗೆಯದು. ಗಾವಂತಿ, ಮುರಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಬಗೆ. ಗೋಪುರ, ತೇರು, ಪಲ್ಲಕ್ಕಿ, ಆನೆ, ನವಿಲು ಎಲ್ಲವೂ ಆ ಎಣಿಕೆಯಿಂದಲೇ ಮೂಡಬೇಕು. ಒಂದು ಎಳೆ ತಪ್ಪಿದರೆ ತೇರಿನ ಕಳಸ ಓರೆಯಾಗುತ್ತದೆ, ಬಿಚ್ಚಿ ಮತ್ತೆ ಹಾಕಬೇಕು. ಗಾವಂತಿಯಲ್ಲಿ ದಾರವು ಹೋಗುವಾಗ ಒಂದೊಂದು ಮನೆ ಬಿಟ್ಟು ಹೋಗಿ, ಬರುವಾಗ ಬಿಟ್ಟ ಮನೆಗಳನ್ನು ತುಂಬುತ್ತ ಬರುತ್ತದೆ. ಗಂಟು ಹಾಕುವಂತಿಲ್ಲ. ಮುಗಿದಾಗ ಹಿಂದು ಯಾವುದು, ಮುಂದು ಯಾವುದು ಎಂದು ಹೇಳಲಾಗದು. ‘ಹಿಂದ ಯಾರ್ ನೋಡ್ತಾರ’ ಎಂದ ಅಂಗಡಿಯವರಿಗೆ ಇದನ್ನು ತೋರಿಸಬೇಕು. ಧಾರವಾಡದ ಸುತ್ತಿನಲ್ಲಿ ಕಸೂತಿ ಕಲಿಸುವ ಹಿರಿಯ ತಾಯಂದಿರು ಇನ್ನೂ ಇದ್ದಾರೆ. ಅವರಿಗೆ ಕೊಡುವ ಗೌರವಧನ ಅವರ ಕಣ್ಣಿನ ಶ್ರಮಕ್ಕೆ ಏನೇನೂ ಸಾಲದು. ಯಂತ್ರದ ಕಸೂತಿ ಅಗ್ಗವೆಂದು ಹೇಳುವವರೊಡನೆ ನಾನು ವಾದಕ್ಕೆ ಹೋಗುವುದಿಲ್ಲ. ಎರಡನ್ನೂ ತಿರುವಿ ಹಾಸಿ ತೋರಿಸಿದರೆ ಸಾಕು.

ಈಗ ಸ್ವಲ್ಪ ಕಹಿಯಾದ ವಿಷಯ. ಹೊಲಿಗೆ ಕಲಿತು, ಕೈ ಕುದುರಿದ ಮೇಲೆ ನೆರೆಹೊರೆಯವರು ಬಟ್ಟೆ ತಂದು ಕೊಡತೊಡಗುತ್ತಾರೆ. ಮನೆಯಲ್ಲಿ ಸಂಬಳ ತರುವವರು ಬೇರೆ ಇದ್ದಾರೆ, ಹೇಗೂ ಹೊತ್ತು ಹೋಗಬೇಕು ಎಂದು ಅಂಥ ಸಹೋದರಿಯು ಅರ್ಧ ಮಜೂರಿಗೆ ಹೊಲಿದು ಕೊಡುತ್ತಾಳೆ. ಆಕೆಯ ದೃಷ್ಟಿಯಲ್ಲಿ ಅದು ಉಪಕಾರ. ಆದರೆ ಪಕ್ಕದ ಓಣಿಯಲ್ಲಿ ಅದೇ ಯಂತ್ರದ ಮೇಲೆ ಮಕ್ಕಳ ಶಾಲೆಯ ಫೀ, ಮನೆಯ ಬಾಡಿಗೆ ಎರಡನ್ನೂ ತೆಗೆಯಬೇಕಾದ ಇನ್ನೊಬ್ಬ ತಾಯಿ ಇದ್ದಾಳೆ. ಅರ್ಧ ಮಜೂರಿಯ ಉಪಕಾರವು ಆಕೆಯ ತಾಟಿನಿಂದ ರೊಟ್ಟಿಯನ್ನು ಎತ್ತಿಕೊಂಡಂತೆ. ಬಟ್ಟೆ ತಂದವರು ಆಕೆಯ ಮುಂದೆ ನಿಂತು, “ಅಲ್ಲಿ ಅಷ್ಟಕ್ಕs ಹೊಲೀತಾರಲ್ಲ, ನೀ ಯಾಕ ಇಷ್ಟ ಕೇಳ್ತಿ?” ಎಂದು ಕೇಳುತ್ತಾರೆ. ಆಕೆ ಏನು ಉತ್ತರಿಸಬೇಕು?

ನುಲಿಯ ಚಂದಯ್ಯನು ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ, ಬಂದ ನ್ಯಾಯವಾದ ಹಣದಿಂದಲೇ ದಾಸೋಹ ಮಾಡುತ್ತಿದ್ದ. ಗುರುವಾಗಲಿ, ಲಿಂಗವಾಗಲಿ, ಜಂಗಮವಾಗಲಿ ಕಾಯಕದ ಕಟ್ಟಿನಿಂದ ಹೊರತಲ್ಲವೆಂಬುದು ಆತನ ನಿಲುವು. ಆ ನಿಲುವನ್ನು ಹೊಲಿಗೆಗೆ ಅನ್ವಯಿಸಿದರೆ ನಡುವಿನ ದಾರಿ ಉಳಿಯುವುದಿಲ್ಲ. ಹಣ ಪಡೆಯುವುದಾದರೆ ಊರಿನಲ್ಲಿ ನಡೆಯುತ್ತಿರುವ ಪೂರ್ತಿ ಮಜೂರಿಯನ್ನು ಪಡೆಯಬೇಕು. ಹಣ ಬೇಡವಾದರೆ ಪೂರ್ತಿ ದಾಸೋಹವೆಂದು, ಕೊಡಲು ಶಕ್ತಿಯಿಲ್ಲದವರಿಗೆ ಹೊಲಿದುಕೊಡಬೇಕು. ಅರ್ಧ ಮಜೂರಿಯೆಂಬುದು ಕಾಯಕವೂ ಅಲ್ಲ, ದಾಸೋಹವೂ ಅಲ್ಲ. ಕೆಲವು ಸಹೋದರಿಯರಿಗೆ ಈ ಮಾತು ನೋವು ತಂದೀತು. ಆದರೂ ಹೇಳದಿರಲಾರೆ.

ದಾಸೋಹದ ಹೊಲಿಗೆಗೆ ನಮ್ಮಲ್ಲಿ ಅವಕಾಶಗಳಿಗೇನು ಕಡಿಮೆಯೇ? ಅಕ್ಕನ ಬಳಗಗಳಲ್ಲಿ ವಾರಕ್ಕೊಮ್ಮೆ ವಚನ ಗಾಯನಕ್ಕೆ ಸೇರುತ್ತೇವೆ. ಆ ದಿನ ಒಂದು ಗಂಟೆಯ ಕಾಲ ಸೂಜಿ ದಾರವೂ ಜೊತೆಗಿರಲಿ. ಇಷ್ಟಲಿಂಗಕ್ಕೆ ಸುತ್ತುವ ಪಾವಡವು ಇಂದು ಅಂಗಡಿಯಲ್ಲಿ ಕೃತಕ ನೂಲಿನದೇ ಹೆಚ್ಚಾಗಿ ಸಿಗುತ್ತದೆ. ದೀಕ್ಷೆಯ ದಿನ ಮಗುವಿನ ಕೈಗೆ ಬರುವ ಪಾವಡ ಬಳಗದ ತಾಯಂದಿರು ಹತ್ತಿಯ ಬಟ್ಟೆಯಲ್ಲಿ ಅಂಚು ಮಡಿಸಿ ಹೊಲಿದದ್ದಾಗಿರಬಾರದೇ? ವಿಭೂತಿಯ ಚೀಲ, ಪುಸ್ತಕದ ಹೊದಿಕೆ, ಪ್ಲಾಸ್ಟಿಕ್ಕಿಗೆ ಬದಲಾಗಿ ಜಾತ್ರೆಯಲ್ಲಿ ಪ್ರಸಾದ ಕೊಂಡೊಯ್ಯುವ ಬಟ್ಟೆಯ ಕೈಚೀಲ, ಜೋಳಿಗೆ ಇವೆಲ್ಲ ಒಂದೊಂದು ಗಂಟೆಯ ಕೆಲಸ. ಜೋಳಿಗೆಯೆಂದೊಡನೆ ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ನೆನಪಾಗುತ್ತಾರೆ. ಊರೂರು ತಿರುಗಿ, ಹಣವನ್ನು ಬೇಡದೆ, ಜನರ ದುಶ್ಚಟಗಳನ್ನು ತಮ್ಮ ಜೋಳಿಗೆಗೆ ಹಾಕಿಸಿಕೊಂಡ ಪೂಜ್ಯರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವನ್ನು ನಾಡು ವ್ಯಸನಮುಕ್ತ ದಿನವನ್ನಾಗಿ ಆಚರಿಸುತ್ತದೆ. ನಾಲ್ಕು ಹೊಲಿಗೆಯ ಒಂದು ಬಟ್ಟೆಯ ಚೀಲಕ್ಕೆ ಎಷ್ಟು ಭಾರ ಹೊರುವ ಶಕ್ತಿಯಿರಬಹುದೆಂಬುದು ಆ ಸೀರೆಯ ಊರಿನವರಿಗೆ ಗೊತ್ತು.

ಮತ್ತು ಕೌದಿ. ಹಳೆಯ ಸೀರೆ, ಧೋತರ, ಅಂಗಿಗಳನ್ನು ಪದರ ಪದರವಾಗಿ ಹಾಸಿ, ನಾಲ್ಕು ಮೂಲೆಯಲ್ಲಿ ನಾಲ್ವರು ಕುಳಿತು ಸಾಲು ಹೊಲಿಗೆ ಹಾಕುತ್ತ ನಡುವಿಗೆ ಬರುವ ಈ ಕೆಲಸಕ್ಕಿಂತ ದೊಡ್ಡ ಸತ್ಸಂಗವನ್ನು ನಾನರಿಯೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ತಾಯಂದಿರು ತಮ್ಮ ಕವಂದಿಯ ಮೂಲೆಗಳಿಗೆ ಬಟ್ಟೆಯನ್ನು ಮಡಿಸಿ ಮಾಡಿದ ಚಿಕ್ಕ ಹೂಗಳನ್ನು ಇಟ್ಟೇ ಮುಗಿಸುತ್ತಾರೆ. ಹೂವಿಲ್ಲದ ಕವಂದಿಯು ಅವರಿಗೆ ಬೆತ್ತಲೆಯಂತೆ. ಕೌದಿಯಲ್ಲಿ ಯಾರ ಸೀರೆ ಯಾವ ತುಂಡು ಎಂಬ ಲೆಕ್ಕ ಉಳಿಯುವುದಿಲ್ಲ. ಗೌಡರ ಮನೆಯ ರೇಷ್ಮೆಯೂ ಕೂಲಿಯವರ ನೂಲಿನ ಸೀರೆಯೂ ಒಂದೇ ದಾರದಲ್ಲಿ ಕೂಡುತ್ತವೆ. ಉಡಿಯ ಆ ತೆಳು ಖಣಗಳು ಟ್ರಂಕುಗಳಲ್ಲಿ ಉಳಿದಿವೆಯಲ್ಲ, ಮೇಲೆ ಕೆಳಗೆ ಹಳೆಯ ಹತ್ತಿಯ ಸೀರೆ ಇಟ್ಟು ಅವನ್ನು ಒಳಪದರವಾಗಿ ಹಾಸಿದರೆ ಅವುಗಳಿಗೂ ಒಂದು ಸದ್ಗತಿ ದೊರೆತೀತು.

ಮಠಗಳ ಪ್ರಸಾದ ನಿಲಯಗಳಲ್ಲಿ ನೂರಾರು, ಸಿದ್ಧಗಂಗೆಯಂಥ ಕ್ಷೇತ್ರದಲ್ಲಿ ಸಾವಿರಾರು ಮಕ್ಕಳು ಇದ್ದು ಓದುತ್ತಾರೆ. ಬೇಸಿಗೆ ರಜೆ ಮುಗಿಸಿ ಬರುವಾಗ ಅವರ ಚೀಲದಲ್ಲಿ ಕಳೆದ ವರ್ಷದ ಸಮವಸ್ತ್ರವೇ ಇರುತ್ತದೆ. ಗುಂಡಿ ಹೋಗಿರುತ್ತದೆ, ಜೇಬು ಹರಿದಿರುತ್ತದೆ, ಚೊಣ್ಣದ ಮಡಿಕೆ ಬಿಚ್ಚಿ ಉದ್ದ ಮಾಡಬೇಕಾಗಿರುತ್ತದೆ. ಮೇ ತಿಂಗಳ ಕೊನೆಯ ವಾರದಲ್ಲಿ, ಶಾಲೆ ಆರಂಭವಾಗುವ ಮೊದಲು, ಊರಿನ ಅಕ್ಕನ ಬಳಗದವರು ಎರಡು ದಿನ ತಮ್ಮ ಹತ್ತಿರದ ಪ್ರಸಾದ ನಿಲಯದ ಪಡಸಾಲೆಯಲ್ಲಿ ಕೂರಬಹುದು. ಐದಾರು ಯಂತ್ರ, ಬಿಳಿ ಮತ್ತು ನೀಲಿ ದಾರದ ರೀಲು, ಒಂದು ಡಬ್ಬಿ ಗುಂಡಿ, ಒಂದು ಕತ್ತರಿ ಇದ್ದರೆ ಸಾಕು. ದೊಡ್ಡ ಹುಡುಗರಿಗೆ ತಮ್ಮ ಗುಂಡಿಯನ್ನು ತಾವೇ ಹಚ್ಚಿಕೊಳ್ಳುವುದನ್ನು ಮೊದಲ ದಿನವೇ ತೋರಿಸಿಕೊಟ್ಟರೆ ಎರಡನೆಯ ದಿನಕ್ಕೆ ಕೆಲಸ ಅರ್ಧವಾಗಿರುತ್ತದೆ. ಬರುವಾಗ ತಮ್ಮ ತಮ್ಮ ಬಾಬಿನ್ನುಗಳನ್ನು ತರಲು ಮರೆಯಬಾರದು, ಒಂದು ಯಂತ್ರದ್ದು ಇನ್ನೊಂದಕ್ಕೆ ಹೊಂದದೆ ಹೋಗಬಹುದು.